ಕೇಳಿದರೆ ಪಠ್ಯ ಬದಲಾಗುತ್ತಾ?

ನಿಮ್ಮ ಭಾಷೆ ಆಡುವವರು ಕಡಿಮೆ, ಮಗಳ ಪಾಠಪುಸ್ತಕದಲ್ಲಿ ನಿಮ್ಮವರ ಕಥೆ ಒಂದು ಸಾಲೂ ಇಲ್ಲ, ಶಾಲೆಯಲ್ಲಿ ಕೇಳಿದರೆ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ತಡ ಆಗುತ್ತೆ.

ನ್ಯೂಜಿಲೆಂಡಿನಲ್ಲಿ ನಡೆದದ್ದು ನೋಡಿ. ಅಲ್ಲಿಯ ಮೂಲನಿವಾಸಿಗಳ ಭಾಷೆಯಾದ ಮಾವೋರಿ ಮಾತಾಡಿದ್ದಕ್ಕೇ ಶಾಲೆಗಳಲ್ಲಿ ಮಕ್ಕಳಿಗೆ ಏಟು ಬೀಳುತ್ತಿದ್ದ ಕಾಲ ಇತ್ತು. ಆ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1987ರಲ್ಲಿ. ಆಮೇಲೂ 1860ರ ದಶಕದಲ್ಲಿ ಮಾವೋರಿಗಳಿಗೂ ಬ್ರಿಟಿಷ್ ಆಡಳಿತಕ್ಕೂ ನಡೆದ ಯುದ್ಧಗಳ ಬಗ್ಗೆ ಏನೂ ಓದದೆ ಶಾಲೆ ಮುಗಿಸಿದವರು ಎಷ್ಟೋ ಜನ. ಓಟೊರೊಹಾಂಗ ಎಂಬ ಸಣ್ಣ ಊರಿನ ಹೈಸ್ಕೂಲ್ ಮಕ್ಕಳು 1864ರ ಯುದ್ಧ ನಡೆದ ಓರಾಕೌಗೆ ಹೋದರು. ಅಲ್ಲಿ ಸತ್ತವರ ಕಥೆಯನ್ನು ಮಾವೋರಿ ಹಿರಿಯರ ಬಾಯಲ್ಲೇ ಕೇಳಿದರು. ಇಷ್ಟು ಹತ್ತಿರ ನಡೆದದ್ದು ನಮಗೆ ಯಾಕೆ ಹೇಳಿಲ್ಲ ಅನ್ನೋ ಪ್ರಶ್ನೆ ಅವರನ್ನು ಬಿಡಲಿಲ್ಲ. ಈ ಇತಿಹಾಸ ಶಾಲೆಗಳಲ್ಲಿ ಕಲಿಸಿ ಅಂತ 10 ಸಾವಿರಕ್ಕೂ ಜಾಸ್ತಿ ಸಹಿ ಸೇರಿಸಿ 2015ರಲ್ಲಿ ಸಂಸತ್ತಿಗೆ ಕೊಟ್ಟರು. ಏನು ಕಲಿಸಬೇಕು ಅನ್ನೋದು ಶಾಲೆಗಳಿಗೆ ಬಿಟ್ಟದ್ದು ಅಂತ ಶಿಕ್ಷಣ ಇಲಾಖೆ ಮೊದಲು ಒಪ್ಪಲಿಲ್ಲ. ಆದರೂ ಒತ್ತಾಯ ನಿಲ್ಲಲಿಲ್ಲ. 2023ರಿಂದ ದೇಶದ ಇತಿಹಾಸ ಶಾಲೆಗಳಲ್ಲಿ ಕಡ್ಡಾಯ ಆಯಿತು.

ಎಂಟು ವರ್ಷ. ನಿಮ್ಮ ಮಗಳು ಅಷ್ಟು ಹೊತ್ತಿಗೆ ಶಾಲೆ ಮುಗಿಸಿರಬಹುದು, ಅಲ್ವಾ? ಅದಕ್ಕೇ ಅರ್ಜಿ ಕೊಟ್ಟು ಸುಮ್ನೆ ಕಾಯಬೇಡಿ. ಮನೆಯ ಹಿರಿಯರ ಮಾತನ್ನು ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಮ್ಮ ಭಾಷೆಯಲ್ಲೇ. ಯಾರು, ಯಾವ ಊರು, ಯಾವ ವರ್ಷ ಅಂತ ಪಕ್ಕದಲ್ಲಿ ಬರೆದಿಡಿ. ಇತಿಹಾಸದ ಟೀಚರ್ ಹತ್ತಿರ ಒಂದೇ ಒಂದು ಪೀರಿಯಡ್ ಕೇಳಿ. ಇಡೀ ಪಠ್ಯ ಬದಲಿಸಿ ಅಂದರೆ ಅವರ ಕೈಯಲ್ಲಿಲ್ಲ, ಒಂದು ಪೀರಿಯಡ್ ಕೊಡೋದು ಎಷ್ಟೋ ಸಲ ಅವರ ಕೈಯಲ್ಲೇ ಇರುತ್ತೆ.