ಮಗುವಿಗೆ ಒಂದು ಪದ ತಿಳಿದಿದೆ ಅಂತ ಸಂಶೋಧಕರಿಗೆ ಹೇಗೆ ಗೊತ್ತಾಗುತ್ತೆ?

ಮಗಳಿಗೆ ಒಂದೂವರೆ ವರ್ಷ, ಆಡೋದು ಹತ್ತೇ ಮಾತು, ಆದರೆ ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತೆ ಅನ್ನಿಸುತ್ತೆ, ಇದನ್ನ ಅಳೆಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಭಾಷಾವಿಜ್ಞಾನ ಓದಿದವಳು, ನನಗೆ ತುಂಬಾ ಇಷ್ಟವಾದ ವಿಷಯ ಇದು.

ಆಡುವ ಪದ ಬೇರೆ, ತಿಳಿಯುವ ಪದ ಬೇರೆ. ಸಂಶೋಧಕರು ಎರಡಕ್ಕೂ ಲೆಕ್ಕ ಇಡುತ್ತಾರೆ. ಸುಲಭದ ದಾರಿ ಅಂದರೆ ಪದಗಳ ಪಟ್ಟಿ ಕೊಟ್ಟು, ಮಗು ಯಾವುದನ್ನು ಬರೀ ಅರ್ಥ ಮಾಡಿಕೊಳ್ಳುತ್ತೆ, ಯಾವುದನ್ನು ಹೇಳುತ್ತೆ ಅಂತ ಅಪ್ಪ-ಅಮ್ಮನ ಕೈಲೇ ಗುರುತು ಹಾಕಿಸೋದು. ಆದರೆ ನಾವು ಹೆತ್ತವರು, ಇಲ್ಲದ್ದನ್ನೂ ಕಾಣುತ್ತೇವೆ. ಅದಕ್ಕೇ ಮಗುವಿನ ಕಣ್ಣು ಎತ್ತ ಹೋಗುತ್ತೆ ಅಂತಲೂ ಗಮನಿಸುತ್ತಾರೆ. 2012ರಲ್ಲಿ ಬರ್ಗೆಲ್ಸನ್ ಮತ್ತು ಸ್ವಿಂಗ್ಲಿ ಅನ್ನೋ ಸಂಶೋಧಕರು 6ರಿಂದ 9 ತಿಂಗಳ ಅಮೆರಿಕದ ಕೂಸುಗಳಿಗೆ ಚಿತ್ರ ತೋರಿಸಿ, ಒಂದರ ಹೆಸರನ್ನು ಹೆತ್ತವರಿಂದ ಹೇಳಿಸಿದರು. ಹೇಳುವವರಿಗೆ ಪರದೆ ಕಾಣದ ಹಾಗೆ ಮಾಡಿದ್ದರು, ಇಲ್ಲದಿದ್ದರೆ ಅವರ ನೋಟವೇ ಉತ್ತರ ಹೇಳಿಕೊಟ್ಟುಬಿಡುತ್ತೆ. ಒಂದು ಮಾತೂ ಆಡದ ಕೂಸುಗಳು ಹೆಸರು ಹೇಳಿದ ತಿಂಡಿಯನ್ನೋ ಮೈಯ ಭಾಗವನ್ನೋ ಹೆಚ್ಚು ಹೊತ್ತು ನೋಡಿದವು!

ನಮ್ಮ ಕನ್ನಡದ ಮಕ್ಕಳ ಮೇಲೂ ಒಂದು ಚಂದದ ಅಧ್ಯಯನ ಆಗಿದೆ, ಇದನ್ನು ಹೇಳದೆ ಇರಲಾರೆ. 2003ರಲ್ಲಿ ಲಿಡ್ಜ್ ಅನ್ನೋ ಸಂಶೋಧಕರು ಗ್ಲೀಟ್‌ಮನ್ ದಂಪತಿಯ ಜೊತೆ ಸೇರಿ ಪ್ರಕಟಿಸಿದ್ದು. 'ಓಡು' ಅನ್ನೋದಕ್ಕೆ 'ಇಸು' ಸೇರಿದರೆ 'ಓಡಿಸು', ಅಂದರೆ ಯಾರೋ ಮಾಡಿಸುತ್ತಿದ್ದಾರೆ ಅನ್ನೋದಕ್ಕೆ ಇಷ್ಟು ಸ್ಪಷ್ಟವಾದ ಗುರುತು ನಮ್ಮ ಭಾಷೆಯಲ್ಲಿದೆ. ಮೂರು ವರ್ಷದ ಮಕ್ಕಳು ಅದನ್ನೇ ಹಿಡಿಯುತ್ತಾರಾ? ಬೇಕೆಂದೇ ತಪ್ಪಾಗಿ ಕಟ್ಟಿದ ವಾಕ್ಯಗಳನ್ನೂ ಕೊಟ್ಟು, ಆಟದ ಪ್ರಾಣಿಗಳಿಂದ ಆಡಿ ತೋರಿಸಲು ಹೇಳಿದರು. ನನ್ನದೇ ಉದಾಹರಣೆಯಲ್ಲಿ ಹೇಳೋದಾದರೆ, 'ಆನೆ ಕುದುರೆಯನ್ನು ಓಡಿತು', 'ಕುದುರೆ ಓಡಿಸಿತು' ಅನ್ನೋ ಥರದವು. ಮಕ್ಕಳು 'ಇಸು'ವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ವಾಕ್ಯದಲ್ಲಿ ಎರಡು ಪ್ರಾಣಿಗಳಿದ್ದರೆ ಒಂದು ಇನ್ನೊಂದರಿಂದ ಮಾಡಿಸಿದ ಹಾಗೆ, ಒಂದೇ ಇದ್ದರೆ ಅದು ತಾನೇ ಮಾಡಿದ ಹಾಗೆ ಆಡಿ ತೋರಿಸಿದರು, ಅಷ್ಟೇ. ಕ್ರಿಯಾಪದದ ಅರ್ಥಕ್ಕೆ ಮಕ್ಕಳು ಇಡೀ ವಾಕ್ಯದ ಆಕಾರವನ್ನೇ ನೋಡುತ್ತಾರೆ ಅಂತ ಗೊತ್ತಾಗಿದ್ದು ಹೀಗೆ. ಬೇರೆ ಬೇರೆ ಭಾಷೆಗಳ ಮಕ್ಕಳನ್ನು ನೋಡಬೇಕು ಅನ್ನೋದು ಇದಕ್ಕೇ. ಇಂಗ್ಲಿಷ್‌ನಲ್ಲಿ 'ಇಸು'ವಿನಂಥ ಪ್ರತ್ಯಯ ಇಲ್ಲದ್ದರಿಂದ ಅಲ್ಲಿ ಈ ಪ್ರಶ್ನೆ ಕೇಳೋಕೇ ಆಗುತ್ತಿರಲಿಲ್ಲ.

ಮನೆಯಲ್ಲಿ ನೀವೂ ನೋಡಬಹುದು. ಚಮಚ, ಲೋಟ ಎರಡನ್ನೂ ಮುಂದಿಟ್ಟು, ಕೈ ತೋರಿಸದೆ, ನಿಮ್ಮ ಕಣ್ಣೂ ಆ ಕಡೆ ಹೋಗದ ಹಾಗೆ 'ಚಮಚ ಎಲ್ಲಿ ಪುಟ್ಟಿ?' ಅಂತ ಕೇಳಿ. ಒಂದು ಸಲಕ್ಕೇ ನಂಬಬೇಡಿ, ಜಾಗ ಬದಲಿಸಿ ಬೇರೆ ಬೇರೆ ದಿನ ಕೇಳಿ. ಮಾತು ತಡವಾಗ್ತಿದೆ ಅನ್ನೋ ಆತಂಕ ಉಳಿದರೆ ವಾಕ್-ಶ್ರವಣ ತಜ್ಞರಿಗೆ ತೋರಿಸಿ. ಹೋಗುವಾಗ ಅವಳು ಹೇಳುವ ಪದಗಳ ಜೊತೆ ಅವಳಿಗೆ ತಿಳಿಯುವ ಪದಗಳನ್ನೂ ಬರೆದುಕೊಂಡು ಹೋಗಿ.