ಮುರಿದ ವೇಕ್‌ಬೋರ್ಡ್‌ಗೆ ಬದಲಾಗಿ ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ಕೊಲ್ಲಿ ರಾಷ್ಟ್ರವೊಂದರಲ್ಲಿ ಉದ್ಯೋಗದಲ್ಲಿದ್ದಾಗ, ದೋಣಿ ಎಳೆಯುವ ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಆಟವಾದ ವೇಕ್‌ಬೋರ್ಡಿಂಗ್ ಕಲಿತೆ. ಈಗ ಊರಿನಲ್ಲಿ ಕಾಫಿ ತೋಟ ನೋಡಿಕೊಂಡಿದ್ದು, ಬಿಡುವಾದಾಗ ಘಟ್ಟ ಇಳಿದು ಸ್ನೇಹಿತರೊಬ್ಬರ ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ದೋಣಿಯ ಹಿಂದೆ ಅಳಿವೆಯ ಹಿನ್ನೀರಿನಲ್ಲಿ ಸವಾರಿ ಮಾಡುತ್ತೇನೆ. ಕಳೆದ ಬಾರಿ ಹಾರಿ ಇಳಿಯುವಾಗ ನನ್ನ 135 ಸೆಂ.ಮೀ. ಬೋರ್ಡ್ ಎರಡು ಪಾದಗಳ ನಡುವೆ ಅಡ್ಡಲಾಗಿ ಬಿರುಕು ಬಿಟ್ಟಿತು. ನನ್ನ ತೂಕ 84 ಕೆ.ಜಿ. ಎಪಾಕ್ಸಿ ಅಂಟಿನಿಂದ ಅದನ್ನು ದುರಸ್ತಿ ಮಾಡಬಹುದೇ? ಹೊಸದನ್ನೇ ಕೊಳ್ಳುವುದಾದರೆ ಎಂಥದ್ದು ಸೂಕ್ತ? ಪಾದಗಳನ್ನು ಬೋರ್ಡಿಗೆ ಬಿಗಿಯುವ ಹಳೆಯ ಬೈಂಡಿಂಗ್ ಉಳಿಸಿಕೊಳ್ಳಬಹುದೇ? 52 ಕೆ.ಜಿ. ತೂಕದ ಅಣ್ಣನ ಮಗನೂ ಕಲಿಯಬೇಕೆನ್ನುತ್ತಿದ್ದಾನೆ. ಮನೆಗೆ ಹತ್ತಿರದ ಹಾರಂಗಿ ಹಿನ್ನೀರಿನಲ್ಲಿ ಅಭ್ಯಾಸ ಮಾಡಬಹುದೇ?
— ಓದುಗರು, ಸುಂಟಿಕೊಪ್ಪ

ಉತ್ತರ: ದುರಸ್ತಿಯ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಅಂಚಿನಲ್ಲಿ ಸಣ್ಣ ಚೂರು ಹಾರಿದ್ದರೆ ಚೆನ್ನಾಗಿ ಒಣಗಿಸಿ ಎಪಾಕ್ಸಿ ತುಂಬಿ ಮುಂದುವರಿಯಬಹುದಿತ್ತು. ಆದರೆ ಪಾದಗಳ ನಡುವಿನ ಭಾಗವೇ ಇಳಿತದ ಹೊಡೆತವನ್ನು ಹೆಚ್ಚಾಗಿ ತಡೆದುಕೊಳ್ಳುವ ಜಾಗವಾದ್ದರಿಂದ, ಅಲ್ಲಿ ಫೈಬರ್‌ಗ್ಲಾಸ್ ಪದರ ಅಡ್ಡಲಾಗಿ ತುಂಡಾದ ಮೇಲೆ ಮೇಲುಮೇಲಿನ ಅಂಟು ಬಹುಕಾಲ ನಿಲ್ಲುವುದಿಲ್ಲ. ಬಿರುಕಿನ ಮೂಲಕ ಒಳಗಿನ ಫೋಮಿಗೆ ನೀರು ಇಳಿದು ಬೋರ್ಡ್ ಭಾರವಾಗುತ್ತದೆ, ಪದರಗಳು ಬಿಡಿಸಿಕೊಳ್ಳುತ್ತವೆ, ಮತ್ತು ಅದು ಪೂರ್ತಿ ಮುರಿಯುವುದು ನೀವು ಗಾಳಿಯಿಂದ ಇಳಿಯುವ ಹೊತ್ತಿನಲ್ಲೇ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ತೂಕ ಮತ್ತು ಉದ್ದದ ಅಂಕಿಗಳು. 84 ಕೆ.ಜಿ. ತೂಕದವರಿಗೆ ತಯಾರಕರ ಪಟ್ಟಿಗಳು ಸಾಮಾನ್ಯವಾಗಿ 140 ಸೆಂ.ಮೀ. ಅಥವಾ ಅದಕ್ಕಿಂತ ತುಸು ಉದ್ದದ ಬೋರ್ಡನ್ನು ಸೂಚಿಸುತ್ತವೆ. ವೇಕ್‌ಬೋರ್ಡಿನ ಆಯ್ಕೆಯಲ್ಲಿ ಸವಾರನ ಎತ್ತರಕ್ಕಿಂತ ತೂಕವೇ ಮುಖ್ಯ. ಚಿಕ್ಕ ಬೋರ್ಡ್ ನೀರಿನಲ್ಲಿ ಹೆಚ್ಚು ಆಳಕ್ಕೆ ಕೂರುತ್ತದೆ, ಎದ್ದು ನಿಲ್ಲಲು ದೋಣಿ ಹೆಚ್ಚು ಎಳೆಯಬೇಕಾಗುತ್ತದೆ, ಇಳಿತವೂ ಗಡುಸಾಗುತ್ತದೆ. ಬಿರುಕಿಗೆ ಇದೊಂದೇ ಕಾರಣವೆಂದು ಬೋರ್ಡನ್ನು ನೋಡದೆ ಹೇಳಲಾರೆ. ಆದರೂ ಮತ್ತೆ 135ರ ಅಳತೆಗೆ ಹೋಗಬೇಡಿ. 140ರಿಂದ 143ರ ನಡುವಿನದನ್ನು ಹುಡುಕಿ.

ಇನ್ನು ಬಾಗು, ಅಂದರೆ ರಾಕರ್. ನನ್ನ ದೃಷ್ಟಿಯಲ್ಲಿ ನಿಮ್ಮ ಆಯ್ಕೆ ನಿರ್ಧಾರವಾಗಬೇಕಾದದ್ದು ಇಲ್ಲಿ, ಅದೂ ನಿಮ್ಮ ಸಾಹಸಕ್ಕಿಂತ ನಿಮ್ಮ ಸ್ನೇಹಿತರ ದೋಣಿಯನ್ನು ನೋಡಿ. ಮಧ್ಯಭಾಗ ಚಪ್ಪಟೆಯಾಗಿದ್ದು ಎರಡೂ ತುದಿಗಳಲ್ಲಿ ಥಟ್ಟನೆ ಮೇಲೇಳುವ ಮೂರು ಹಂತದ ಬಾಗಿನ ಬೋರ್ಡ್, ದೋಣಿಯ ಹಿಂದೆ ಏಳುವ ಅಲೆಯಿಂದ ಸವಾರನನ್ನು ನೆಟ್ಟಗೆ ಮೇಲಕ್ಕೆ ಚಿಮ್ಮಿಸುತ್ತದೆ; ಆದರೆ ಅದಕ್ಕೆ ಎತ್ತರದ, ಗಟ್ಟಿ ಅಲೆ ಬೇಕು, ಮತ್ತು ಅಂಥ ಅಲೆಯನ್ನು ಎಬ್ಬಿಸುವುದು ಹೆಚ್ಚುವರಿ ನೀರಿನ ಭಾರ ತುಂಬಿಕೊಂಡು ಸಾಗುವ ದೊಡ್ಡ ವೇಕ್ ದೋಣಿಗಳು. ಸಣ್ಣ ಔಟ್‌ಬೋರ್ಡ್ ದೋಣಿಯ ತಗ್ಗು ಅಲೆಯಲ್ಲಿ ಈ ಬೋರ್ಡ್ ನೀರನ್ನು ತಳ್ಳುತ್ತಾ ವೇಗ ಕಳೆದುಕೊಳ್ಳುತ್ತದೆಯೇ ಹೊರತು ಬೇರೆ ಲಾಭವಿಲ್ಲ. ತುದಿಯಿಂದ ತುದಿಗೆ ಒಂದೇ ಸಮನಾಗಿ ಬಾಗಿರುವ ಬೋರ್ಡ್ ವೇಗವನ್ನು ಉಳಿಸಿಕೊಳ್ಳುತ್ತದೆ, ತಿರುವುಗಳಲ್ಲಿ ನಯವಾಗಿ ಸಾಗುತ್ತದೆ, ಇಳಿತವೂ ಮೃದು. ಆದ್ದರಿಂದ ನಿಮಗೆ ಇದೇ ಸರಿ. ಅಂಗಡಿಯವರು ಮೂರು ಹಂತದ್ದನ್ನು ಎಷ್ಟೇ ಹೊಗಳಿದರೂ ಸರಿ.

ದೋಣಿಯ ಬದಲು ಮೇಲಿನ ತಂತಿ ಸವಾರನನ್ನು ಎಳೆಯುವ ಕೇಬಲ್ ಪಾರ್ಕಿಗೆಂದು ಮಾಡಿದ ಬೋರ್ಡುಗಳು ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತವೆ. ಅವು ಕಂಬಿ, ಇಳಿಜಾರುಗಳ ಮೇಲೆ ಜಾರಲೆಂದು ಹೆಚ್ಚು ಬಳುಕುವಂತೆ ತಯಾರಾದವು, ಅನೇಕವಕ್ಕೆ ತಳದಲ್ಲಿ ನೀರನ್ನು ಹಿಡಿಯುವ ಫಿನ್‌ಗಳೂ ಇರುವುದಿಲ್ಲ. ದೋಣಿಯ ಹಿಂದೆ ಅವುಗಳ ಅಂಚು ನೀರನ್ನು ಸಾಕಷ್ಟು ಹಿಡಿಯುವುದಿಲ್ಲ.

ಬೈಂಡಿಂಗ್ ಉಳಿಸಿಕೊಳ್ಳಬಹುದು, ಆದರೆ ಹಣ ಕೊಡುವ ಮೊದಲು ತಿರುಪಿನ ರಂಧ್ರಗಳನ್ನು ಹೋಲಿಸಿ ನೋಡಿ. ಹೆಚ್ಚಿನ ಬೋರ್ಡುಗಳಲ್ಲಿ ಎಂ6 (6 ಮಿ.ಮೀ. ವ್ಯಾಸದ) ಅಳತೆಯ ತಿರುಪು ನಡೆಯುತ್ತದೆ. ಕೆಲವು ಕಂಪನಿಗಳ ಜೋಡಣೆ ಮಾತ್ರ ಅವರದೇ ಬೈಂಡಿಂಗ್‌ಗೆ ಒಪ್ಪುವಂಥದ್ದು. ತಿರುಪುಗಳನ್ನು ಯಂತ್ರದಿಂದಲ್ಲ, ಕೈಯಲ್ಲಿ ತಿರುಗಿಸುವ ಸ್ಕ್ರೂಡ್ರೈವರಿನಿಂದಲೇ ಬಿಗಿಯಿರಿ, ಪ್ರತಿ ಸವಾರಿಗೂ ಮುನ್ನ ಪರೀಕ್ಷಿಸಿ, ಏಕೆಂದರೆ ಸಡಿಲವಾದ ಬೈಂಡಿಂಗ್ ಅಲುಗಾಡುತ್ತಾ ಬೋರ್ಡಿನೊಳಗಿನ ಲೋಹದ ಹಿಡಿಗಳನ್ನೇ ಕಿತ್ತುಹಾಕುತ್ತದೆ.

ಇಬ್ಬರು ಹಂಚಿಕೊಳ್ಳುವ ಬೋರ್ಡನ್ನು ಹೆಚ್ಚು ತೂಕದವರ ಲೆಕ್ಕದಲ್ಲಿ ಕೊಳ್ಳುವುದು ವಾಡಿಕೆ. ಹುಡುಗನಿಗೆ ಅದು ತುಸು ನಿಧಾನವಾಗಿ ತಿರುಗಿದರೂ ಎದ್ದು ನಿಲ್ಲುವುದನ್ನು ಕಲಿಯಲು ಅನುಕೂಲವೇ. ಪಾದದ ಅಳತೆ ಬೇರೆಯಾದರೆ ಬೆರಳ ತುದಿ ತೆರೆದಿರುವ ಬೈಂಡಿಂಗ್ ಬೇಕಾಗುತ್ತದೆ. ಜೀವರಕ್ಷಕ ಜಾಕೆಟ್ ಮಾತ್ರ ಅವನ ಅಳತೆಯದೇ ಇರಲಿ, ಅದನ್ನು ಹಂಚಿಕೊಳ್ಳುವಂತಿಲ್ಲ.

ಹಾರಂಗಿಯ ವಿಷಯದಲ್ಲಿ ನನ್ನ ಉತ್ತರ ಬೇಡವೆಂಬುದೇ. ಜಲಾಶಯ ಕಾವೇರಿ ನೀರಾವರಿ ನಿಗಮದ ಅಧೀನದಲ್ಲಿದೆ; ಲಿಖಿತ ಅನುಮತಿಯಿಲ್ಲದೆ ಯಂತ್ರದೋಣಿ ಇಳಿಸುವ ಯೋಚನೆಯನ್ನೇ ಮಾಡಬೇಡಿ. ಅನುಮತಿ ದೊರೆತರೂ ಸಮುದ್ರಮಟ್ಟದಿಂದ ಗರಿಷ್ಠ ಮಟ್ಟ 2,859 ಅಡಿಯ ಆ ಜಲಾಶಯದಲ್ಲಿ ಬೇಸಿಗೆಯ ಹೊತ್ತಿಗೆ ನೀರು ಬಹಳ ಇಳಿದಿರುತ್ತದೆ, ಮಳೆಗಾಲದಲ್ಲಿ ಒಳಹರಿವು ಜೋರಾಗಿರುತ್ತದೆ. ನೀರಿನಡಿ ಬಂಡೆಯಿದೆಯೋ ಮರದ ಬೊಡ್ಡೆಯಿದೆಯೋ ತಿಳಿಯದ ಕಡೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬೀಳುವುದು ಯಾರಿಗೂ ಬೇಡ. ದುಬಾರೆಯ ಕಾವೇರಿಯನ್ನಂತೂ ರಾಫ್ಟಿಂಗಿನವರಿಗೇ ಬಿಟ್ಟುಬಿಡೋಣ.

ಹೊಸ ಬೋರ್ಡ್ ಮನೆಗೆ ಬಂದ ಮೇಲೆ, ಉಪ್ಪು ನೀರಿನ ಸವಾರಿಯ ನಂತರ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಕಾಫಿ ಕಣದ ಸುಡುಬಿಸಿಲಿನಲ್ಲಿ ಇಟ್ಟರೆ ಪದರಗಳು ಉಬ್ಬಬಹುದು. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಚೀಲದೊಳಗೆ ಮುಚ್ಚಿಟ್ಟ ಬೈಂಡಿಂಗ್ ಬೂಷ್ಟು ಹಿಡಿಯದೆ ಇರುವುದಿಲ್ಲ. ಜೂನ್‌ಗೆ ಮುನ್ನ ಅದನ್ನು ಬಿಚ್ಚಿ, ತಿರುಪುಗಳನ್ನು ಒರೆಸಿ, ಗಾಳಿಯಾಡುವ ಕೋಣೆಯಲ್ಲಿ ಬೇರೆಯಾಗಿ ತೂಗುಹಾಕಿ.