ಪಟ್ ಎಡಕ್ಕೇ ಯಾಕೆ ಹೋಗುತ್ತದೆ?

ಪ್ರಶ್ನೆ: ಗಾಲ್ಫ್ ಶುರು ಮಾಡಿ ಒಂದು ವರ್ಷ ಆಯಿತು. ಬಲಗೈ ಆಟಗಾರ. ದೂರದ ಹೊಡೆತ ಪರವಾಗಿಲ್ಲ, ಆದರೆ ನಾಲ್ಕೈದು ಅಡಿಯ ಪಟ್‌ಗಳು (ಬಾಲ್ ಅನ್ನು ಕುಳಿಗೆ ಉರುಳಿಸುವ ಹೊಡೆತ) ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲು) ಸಮತಟ್ಟಾಗಿದ್ದರೂ ಕುಳಿಯ ಎಡಕ್ಕೇ ಜಾರುತ್ತವೆ. ಹೊಸ ಪಟರ್ (ಪಟ್ ಹೊಡೆಯುವ ದಾಂಡು) ತೆಗೆದುಕೊಳ್ಳಬೇಕಾ?
– ಓದುಗರು, ಮೈಸೂರು

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಕುಳಿಯ ಅಗಲ 4.25 ಇಂಚು. ಹತ್ತು ಅಡಿಯಿಂದ ಹೊಡೆಯುವಾಗ ಪಟರ್ ಮುಖ (ಬಾಲ್‌ಗೆ ತಾಗುವ ಚಪ್ಪಟೆ ಭಾಗ) ಒಂದೇ ಡಿಗ್ರಿ ತಿರುಗಿದ್ದರೂ ಬಾಲ್ ಕುಳಿ ಮುಟ್ಟುವಷ್ಟರಲ್ಲಿ ಸುಮಾರು 2 ಇಂಚು ಪಕ್ಕಕ್ಕೆ ಸರಿದು ಅಂಚಿಗೆ ಬಂದಿರುತ್ತದೆ. ನಾಲ್ಕು ಅಡಿಯಲ್ಲಿ ಎರಡೂವರೆ ಡಿಗ್ರಿವರೆಗೂ ನಡೆಯುತ್ತದೆ. ಅಲ್ಲೂ ತಪ್ಪುತ್ತಿದೆ, ಅದೂ ಒಂದೇ ಕಡೆಗೆ ಅಂದರೆ, ನೀವು ನಿಲ್ಲುವ ರೀತಿಯನ್ನೇ ನೋಡಬೇಕು.

ತುಂಬಾ ಜನ ಮೊದಲು ಕಾಲು ಊರಿ ಆಮೇಲೆ ಪಟರ್ ಇಡುತ್ತಾರೆ. ನೀವು ಮೊದಲು ಪಟರ್ ಮುಖವನ್ನು ಗುರಿಗೆ ನೇರ ಇಡಿ, ಕಾಲು ಆಮೇಲೆ. ಇದನ್ನು ಕಲಿಯಲು ಮನೆಯ ಟೈಲ್ಸ್ ನೆಲವೇ ಸಾಕು. ಉದ್ದದ ಸಂದು ಬಾಲ್ ಹೋಗುವ ದಾರಿ, ಅಡ್ಡ ಸಂದಿಗೆ ಪಟರ್ ಮುಖ ಕೂರಬೇಕು. ಎರಡು ಸಂದು ಸೇರುವ ಕಡೆ ಲಂಬಕೋನ ತಾನಾಗೇ ಸಿಗುತ್ತದೆ, ಅಲ್ವಾ? ದಿನಾ ಹತ್ತು ನಿಮಿಷ ಹೀಗೆ ನಿಂತು ನೋಡಿ, ಹೊಡೆಯುವುದೂ ಬೇಡ, ಸುಮ್ನೆ ಇಟ್ಟು ಎತ್ತಿ ಇಡಿ.

ಹಾಗೆ ನಿಂತೇ ಹುಬ್ಬುಗಳ ನಡುವಿನಿಂದ ಇನ್ನೊಂದು ಬಾಲ್ ಬೀಳಿಸಿ. ಅದು ಕೆಳಗಿನ ಬಾಲ್ ಮೇಲೆ ಅಥವಾ ಸ್ವಲ್ಪ ನಿಮ್ಮ ಕಾಲಿನ ಕಡೆಗೆ ಬೀಳಬೇಕು. ಬಾಲ್ ದಾಟಿ ಆಚೆ ಬಿದ್ದರೆ ನೀವು ಜಾಸ್ತಿ ಬಗ್ಗಿದ್ದೀರಿ, ಬಲಗೈ ಆಟಗಾರರು ಆಗ ಸಾಮಾನ್ಯವಾಗಿ ಎಡಕ್ಕೆ ಗುರಿ ಇಡುತ್ತಾರೆ. ಬಾಲ್ ಕಾಲುಗಳ ನಡುವಿಗಿಂತ ಚೂರು ಎಡಕ್ಕಿರಲಿ. ಅದಕ್ಕೂ ಮುಂದೆ ಹೋದರೆ ಪಟರ್ ಮುಖ ಎಡಕ್ಕೆ ತಿರುಗುವ ಹೊತ್ತಿಗೆ ಬಾಲ್ ಸಿಗುತ್ತದೆ.

ಆದರೂ ನನಗೆ ಹೆಚ್ಚು ಅನುಮಾನ ಭುಜದ ಮೇಲೆ. ಹಿಡಿಯಲ್ಲಿ ಬಲಗೈ ಕೆಳಗಿರುವುದರಿಂದ ಬಲಭುಜ ಗೊತ್ತಾಗದೆ ಮುಂದೆ ಬರುತ್ತದೆ, ಭುಜಗಳು ಎಡಕ್ಕೆ ತಿರುಗುತ್ತವೆ, ಪಟರ್ ಅದೇ ದಾರಿ ಹಿಡಿಯುತ್ತದೆ. ಕಾಲು ಎಷ್ಟು ನೇರ ಇದ್ದರೂ ಪ್ರಯೋಜನವಿಲ್ಲ. ಮನೆಯವರಿಗೆ ಹೇಳಿ ನಿಮ್ಮ ಎರಡೂ ಮುಂಗೈ ಮೇಲೆ ಒಂದು ಕೋಲು ಅಡ್ಡ ಇಡಿಸಿ, ಟೈಲ್ಸ್‌ನ ಉದ್ದದ ಸಂದಿಗೆ ಅದು ಸಮನಾಗಿದೆಯಾ ನೋಡಲಿ. ಓರೆ ಇದ್ದರೆ ಬಲ ಮೊಣಕೈಯನ್ನು ಪಕ್ಕೆಗೆ ಎಳೆದುಕೊಳ್ಳಿ. ಎಡಗೈ ಕೆಳಗೆ ಮಾಡಿ ಹಿಡಿದೂ ನೋಡಬಹುದು.

ಇಷ್ಟು ಹೊತ್ತು ಪಟ್‌ಗೆ ಕೊಡುವುದು ಖಂಡಿತ ದಂಡವಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದಾಗ ದೂರದ ಹೊಡೆತದಲ್ಲಿ ಅವರು ಎಷ್ಟೋ ಜನರಿಗಿಂತ ಹಿಂದಿದ್ದರು. ಪಟರ್ ಕೈಹಿಡಿಯಿತು.

ಪ್ರಶ್ನೆ: ಪಂದ್ಯದಲ್ಲಿ ಗುರಿಗೆ ನೆಲದ ಮೇಲೆ ಕೋಲು ಇಡಬಹುದಾ?
– ಓದುಗರು, ಬೆಳಗಾವಿ

ಉತ್ತರ: ಇಲ್ಲ, ಅದು ಅಭ್ಯಾಸಕ್ಕೆ ಮಾತ್ರ. 2019ರ ನಿಯಮದಿಂದ ನೀವು ನಿಲುವು ತೆಗೆದುಕೊಳ್ಳುವಾಗ ಕ್ಯಾಡಿ (ನಿಮ್ಮ ಬ್ಯಾಗ್ ಹೊರುವ ಸಹಾಯಕ) ಹಿಂದೆ ನಿಂತು ಗುರಿ ತಿದ್ದುವಂತೆಯೂ ಇಲ್ಲ. ಬಾಲ್ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಳ್ಳಬಹುದು. ಗ್ರೀನ್‌ನಲ್ಲಿ ಬಾಲ್ ಇರುವ ಜಾಗಕ್ಕೆ ಗುರುತಾಗಿ ಮಾರ್ಕರ್ ಇಟ್ಟು ಬಾಲ್ ಎತ್ತಿ, ಗೆರೆಯನ್ನು ದಾರಿಗೆ ಹೊಂದಿಸಿ ಅದೇ ಜಾಗದಲ್ಲಿ ಇಡಿ.